ಇಗ್ನಿಷನ್ ಮ್ಯಾಪ್ ಸ್ವಿಚ್: ಎರಡು ಸ್ಥಾನಗಳಲ್ಲೂ ಎಂಜಿನ್ ಒಂದೇ ರೀತಿ ಓಡುತ್ತಿದೆ

ಕೆಸರುಹಾದಿ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು 300 ಸಿಸಿಯ ಟೂ ಸ್ಟ್ರೋಕ್ ಎಂಡ್ಯೂರೋ ಬೈಕು. ಕಾರ್ಬುರೇಟರ್ ಇರುವ ಹಳೆಯ ಮಾದರಿ. ಇದರ ಸಿಡಿಐ ಪೆಟ್ಟಿಗೆಯೊಳಗೆ (ಪ್ಲಗ್ಗಿಗೆ ಕಿಡಿ ಕಳಿಸುವ ಪೆಟ್ಟಿಗೆ) ತಯಾರಕರೇ ಎರಡು ಇಗ್ನಿಷನ್ ಮ್ಯಾಪ್‌ಗಳನ್ನು ಇಟ್ಟಿದ್ದಾರೆ. ಟ್ಯಾಂಕಿನ ಕೆಳಗೆ ಎರಡು ತಂತಿಗಳ ಚಿಕ್ಕ ಕನೆಕ್ಟರ್ ಇದ್ದು, ಅದನ್ನು ಜೋಡಿಸಿದರೆ ಒಂದು ಮ್ಯಾಪ್, ಬಿಡಿಸಿದರೆ ಇನ್ನೊಂದು ಎಂದು ಕೈಪಿಡಿ ಹೇಳುತ್ತದೆ. ಬೈಕು ನನ್ನ ಕೈಗೆ ಬಂದಾಗ ಅದು ಜೋಡಿಸಿಯೇ ಇತ್ತು. ಪ್ರತಿ ಸಲವೂ ಟ್ಯಾಂಕು ಬಿಚ್ಚುವ ಕೆಲಸ ಬೇಡವೆಂದು, ಎರಡು ತಿಂಗಳ ಹಿಂದೆ ಹ್ಯಾಂಡಲ್‌ಗೆ ಕಟ್ಟುವ ಸ್ವಿಚ್ಚೊಂದನ್ನು ತರಿಸಿ ನಾನೇ ಅಳವಡಿಸಿದೆ.

ಆಮೇಲೆ ನಾಲ್ಕು ಬಾರಿ ಕಾಡಿನ ಹಾದಿಯಲ್ಲಿ ಓಡಿಸಿದ್ದೇನೆ. ಸ್ವಿಚ್ಚು ಯಾವ ಸ್ಥಾನದಲ್ಲಿದ್ದರೂ ನನಗೆ ಕಿಂಚಿತ್ತೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ಒದ್ದೆಯಾದ ಬೇರುಗಳ ಮೇಲೆ ಹಿಂದಿನ ಚಕ್ರ ಸುಮ್ಮನೆ ತಿರುಗುವುದನ್ನು ತಗ್ಗಿಸಬೇಕೆಂಬುದೇ ನನ್ನ ಉದ್ದೇಶವಾಗಿತ್ತು. ಮ್ಯಾಪ್‌ಗಳ ನಡುವಿನ ವ್ಯತ್ಯಾಸವೇ ಇಷ್ಟು ಸಣ್ಣದೋ, ನನ್ನ ಕೈಗೆ ಅದನ್ನು ಗುರುತಿಸುವ ಅನುಭವ ಸಾಲದೋ, ಅಥವಾ ಜೋಡಣೆಯಲ್ಲೇ ತಪ್ಪಿದೆಯೋ ತಿಳಿಯುತ್ತಿಲ್ಲ. ಓಡುತ್ತಿರುವಾಗಲೇ ಸ್ವಿಚ್ಚು ಬದಲಿಸಬಹುದೇ ಎಂಬುದನ್ನೂ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ನೀಲಿಹೊಗೆ:

ಮ್ಯಾಪ್ ಎಂದರೆ ಏನು ಎಂಬುದು ಮನಸ್ಸಿನಲ್ಲಿ ಸ್ಪಷ್ಟವಾದರೆ ಎಲ್ಲಿ ವ್ಯತ್ಯಾಸ ಹುಡುಕಬೇಕೆಂಬುದೂ ತಿಳಿಯುತ್ತದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕಿಡಿ ಹಾರಿದ ಕ್ಷಣದಲ್ಲೇ ಮಿಶ್ರಣವೆಲ್ಲ ಒಮ್ಮೆಗೇ ಉರಿದುಹೋಗುವುದಿಲ್ಲ. ಜ್ವಾಲೆ ಪ್ಲಗ್ಗಿನಿಂದ ಹೊರಟು ಸಿಲಿಂಡರಿನ ಅಂಚಿನವರೆಗೆ ಹರಡಲು ಸಮಯ ಬೇಕು. ಒಳಗಿನ ಒತ್ತಡವು ಪಿಸ್ಟನ್ ಮೇಲ್ತುದಿಯನ್ನು ದಾಟಿ ಸುಮಾರು 15 ಡಿಗ್ರಿ ಇಳಿದಿರುವಾಗ ಅತಿ ಹೆಚ್ಚಾಗಿದ್ದರೆ ಕ್ರ್ಯಾಂಕಿಗೆ ಒಳ್ಳೆಯ ತಳ್ಳು ಸಿಗುತ್ತದೆ. ಹಾಗಾಗಬೇಕಾದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಬೇಕು. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸುತ್ತನ್ನು 10 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ಅಂದರೆ ಒಂದು ಡಿಗ್ರಿಗೆ 0.028 ಮಿಲಿಸೆಕೆಂಡು. ಮೇಲ್ತುದಿಗೆ 20 ಡಿಗ್ರಿ ಮೊದಲು ಕಿಡಿ ಹಾರಿತು ಎಂದಿಟ್ಟುಕೊಂಡರೆ, ಮೇಲ್ತುದಿ ದಾಟಿ 15 ಡಿಗ್ರಿ ತಲುಪುವವರೆಗೆ ಜ್ವಾಲೆಗೆ ಸಿಗುವ ಕಾಲಾವಕಾಶ ಸುಮಾರು ಒಂದು ಮಿಲಿಸೆಕೆಂಡು ಮಾತ್ರ. 3000 ಆರ್‌ಪಿಎಂನಲ್ಲಿ ಅಷ್ಟೇ ಡಿಗ್ರಿಗಳಿಗೆ ಎರಡರಷ್ಟು ಸಮಯ ದೊರೆಯುತ್ತದೆ. ವೇಗ ಬದಲಾದಂತೆ ಕಿಡಿಯ ಸಮಯವನ್ನೂ ಬದಲಿಸಬೇಕಾಗುವುದು ಇದೇ ಕಾರಣಕ್ಕೆ, ಮತ್ತು ಯಾವ ಆರ್‌ಪಿಎಂನಲ್ಲಿ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕೆಂಬ ಪಟ್ಟಿಯೇ ಇಗ್ನಿಷನ್ ಮ್ಯಾಪ್.

ಟೂ ಸ್ಟ್ರೋಕ್‌ನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ, ನನಗೆ ಬಹಳ ಇಷ್ಟವಾದದ್ದೂ ಅದೇ. ಮೇಲಿನ ಆರ್‌ಪಿಎಂನಲ್ಲಿ ಕಿಡಿಯನ್ನು ಬೇಕೆಂದೇ ತಡಮಾಡುತ್ತಾರೆ. ತಡವಾಗಿ ಹೊತ್ತಿದ ಮಿಶ್ರಣ ಹೆಚ್ಚು ಬಿಸಿಯಾಗಿಯೇ ಹೊರಗೆ ಹೋಗುತ್ತದೆ. ಎಕ್ಸ್‌ಪಾನ್ಷನ್ ಚೇಂಬರಿನೊಳಗಿನ (ಹೊರಬಿದ್ದ ತಾಜಾ ಮಿಶ್ರಣವನ್ನು ಅಲೆಯ ಮೂಲಕ ಸಿಲಿಂಡರಿಗೆ ಮರಳಿ ತಳ್ಳುವ ಉಬ್ಬಿದ ಹೊಗೆಕೊಳವೆ) ಅನಿಲ ಬಿಸಿಯಾದಷ್ಟೂ ಅದರಲ್ಲಿ ಶಬ್ದದ ಅಲೆ ವೇಗವಾಗಿ ಚಲಿಸುತ್ತದೆ. ಅನಿಲದ ಸರಾಸರಿ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್‌ನಿಂದ 600ಕ್ಕೆ ಏರಿದರೆ ಅಲೆಯ ವೇಗ ಸುಮಾರು ನೂರಕ್ಕೆ ಆರರಷ್ಟು ಹೆಚ್ಚುತ್ತದೆ. ಹಾಗಾಗಿ 8000 ಆರ್‌ಪಿಎಂಗೆ ಹೊಂದಿಕೊಂಡಿದ್ದ ಕೊಳವೆ 8500ರ ಹತ್ತಿರದಲ್ಲೂ ಕೆಲಸ ಮಾಡುತ್ತಲೇ ಇರುತ್ತದೆ. ಲೋಹದ ಕೊಳವೆಯನ್ನು ಮುಟ್ಟದೆಯೇ, ಬರೀ ಕಿಡಿಯ ಸಮಯದಿಂದ, ಅದರ ಉದ್ದವನ್ನು ಕಡಿಮೆ ಮಾಡಿದಂತೆ ಇದು.

ನಿಮ್ಮ ಪ್ರಶ್ನೆಗೆ ಬಂದರೆ, ಮೃದು ಮ್ಯಾಪ್ ಸಾಮಾನ್ಯವಾಗಿ ಕೆಳಗಿನ ಮತ್ತು ನಡುವಿನ ಆರ್‌ಪಿಎಂನಲ್ಲಿ ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಶಕ್ತಿ ಒಮ್ಮೆಲೇ ನುಗ್ಗದೆ ನಿಧಾನವಾಗಿ ಏರುತ್ತದೆ. ತೀರ ಮೇಲೆ ಎರಡು ಮ್ಯಾಪ್‌ಗಳೂ ಒಂದನ್ನೊಂದು ಸೇರಬಹುದು. ನಿಷ್ಕ್ರಿಯ ವೇಗದಲ್ಲಿ (ಐಡ್ಲಿಂಗ್) ನಿಂತು ಸ್ವಿಚ್ಚು ಒತ್ತಿದರೆ ಏನೂ ಕೇಳಿಸದಿರುವುದು ಸಹಜ.

ಮೂರನೇಗೇರ್:

ನೀಲಿಹೊಗೆಯವರ ಕೊನೆಯ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ಮೊದಲ ಗೇರಿನಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿದರೆ ಎಂಜಿನ್ ನಡುವಿನ ಆರ್‌ಪಿಎಂ ಭಾಗವನ್ನು ಅರೆ ಕ್ಷಣದಲ್ಲಿ ದಾಟಿಬಿಡುತ್ತದೆ, ಅಷ್ಟರಲ್ಲಿ ಕೈಗೆ ಏನೂ ತಿಳಿಯುವುದಿಲ್ಲ. ಒಂದೇ ಸಮನಾದ, ಹಿಡಿತ ಚೆನ್ನಾಗಿರುವ ಏರನ್ನು ಆರಿಸಿಕೊಂಡು, ಮೂರನೇ ಗೇರಿನಲ್ಲಿ, ಕ್ಲಚ್ಚನ್ನು ಮುಟ್ಟದೆ, ಕೆಳಗಿನ ಆರ್‌ಪಿಎಂನಿಂದ ಥ್ರಾಟಲ್ಲನ್ನು ಅರ್ಧದಷ್ಟು ತೆರೆದು ಹಾಗೆಯೇ ಹಿಡಿಯಿರಿ. ಎಂಜಿನ್ ಭಾರವನ್ನು ಎಳೆಯುತ್ತಾ ನಿಧಾನವಾಗಿ ಮೇಲೇರುವಾಗ ಮ್ಯಾಪ್‌ಗಳ ಗುಣ ಹೊರಬರುತ್ತದೆ.

ಒಂದು ವಿಷಯ ಕೇಳಬೇಕು. ಸ್ವಿಚ್ಚಿನ ಎರಡು ಸ್ಥಾನಗಳನ್ನು ಹೋಲಿಸುವುದನ್ನು ಸ್ವಲ್ಪ ಬದಿಗಿಡಿ. ಸ್ವಿಚ್ಚು ಹಾಕುವ ಮೊದಲು ಬೈಕು ಹೇಗಿತ್ತು, ಹಾಕಿದ ನಂತರ ಹೇಗಿದೆ? ಅಲ್ಲಿ ಏನಾದರೂ ಬದಲಾವಣೆ ಕಂಡಿರಾ?

ಹಳೆಪಾನಾ:

ಸವಾರಿಯ ಪರೀಕ್ಷೆಗೆ ಮೊದಲು ತಂತಿಯನ್ನು ಪರೀಕ್ಷಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತು ನಿಮಿಷದ ಕೆಲಸ. ಸ್ವಿಚ್ಚಿನ ತಂತಿಗಳನ್ನು ಸಿಡಿಐ ಕಡೆಯ ಕನೆಕ್ಟರಿನಿಂದ ಬಿಡಿಸಿ, ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಸ್ವಿಚ್ಚಿನಿಂದ ಬರುವ ಎರಡು ಪಿನ್ನುಗಳಿಗೆ ತಾಗಿಸಿ. ಒಂದು ಸ್ಥಾನದಲ್ಲಿ ಓಮ್ ಸೊನ್ನೆಗೆ ಹತ್ತಿರವಿರಬೇಕು, ಇನ್ನೊಂದರಲ್ಲಿ ಸಂಪರ್ಕವೇ ಇರಬಾರದು. ಕಡ್ಡಿಗಳು ತಾಗಿರುವಾಗಲೇ ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಿ ನೋಡಿ, ಏಕೆಂದರೆ ಸ್ಟಿಯರಿಂಗ್ ಹೆಡ್ಡಿನ ಬಳಿ ಮಡಚಿಕೊಳ್ಳುವ ತಂತಿ ಒಳಗೇ ತುಂಡಾಗಿದ್ದು ಹೊರಗಿನ ಪ್ಲಾಸ್ಟಿಕ್ ಮಾತ್ರ ಸರಿಯಾಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇಂತಹ ಸರಳ ಸ್ವಿಚ್ಚಿನಲ್ಲಿ ತಂತಿ ತುಂಡಾದರೆ ಎಂಜಿನ್ ನಿಲ್ಲುವುದಿಲ್ಲ, ಯಾವ ದೀಪವೂ ಉರಿಯುವುದಿಲ್ಲ. ಸಿಡಿಐ ಕನೆಕ್ಟರ್ ಬಿಡಿಸಿದಾಗಿನ ಮ್ಯಾಪ್‌ನಲ್ಲೇ ಸುಮ್ಮನೆ ಓಡುತ್ತಿರುತ್ತದೆ. ತಂತಿಯ ಹೊದಿಕೆ ಸವೆದು ಎರಡೂ ಒಂದಕ್ಕೊಂದು ತಾಗಿದರೆ ಜೋಡಿಸಿದಾಗಿನ ಮ್ಯಾಪ್‌ನಲ್ಲೇ ಉಳಿಯುತ್ತದೆ. ಜೋಡಿಸಿದರೆ ಯಾವುದು, ಬಿಡಿಸಿದರೆ ಯಾವುದು ಎಂಬುದನ್ನು ಬೇರೆಯವರ ಮಾತಿನಿಂದ ನಿರ್ಧರಿಸಬೇಡಿ. ನಿಮ್ಮ ಮಾದರಿಯ, ನಿಮ್ಮ ವರ್ಷದ ಕೈಪಿಡಿಯನ್ನೇ ನೋಡಿ.

ಇನ್ನೊಂದು ಎಚ್ಚರಿಕೆ. ಎಂಜಿನ್ ನಿಲ್ಲಿಸುವ ಗುಂಡಿಯ ತಂತಿಯೂ ಅದೇ ಜಾಗದಲ್ಲಿ ಇಳಿದುಬರುತ್ತದೆ. ಬಣ್ಣ ನೋಡಿ ಊಹಿಸಿ ಅದಕ್ಕೆ ಸ್ವಿಚ್ಚು ಸೇರಿಸಿಬಿಟ್ಟರೆ ಏರಿನ ನಡುವೆ ಎಂಜಿನ್ ಆರಿಹೋಗುತ್ತದೆ.

ನಾಲ್ಕುಹೊಡೆತ:

ನಾನು ಫೋರ್ ಸ್ಟ್ರೋಕ್ ಮೋಟೋಕ್ರಾಸ್ ಬೈಕು ಓಡಿಸುವವನು. ನಮ್ಮಲ್ಲಿ ಮ್ಯಾಪ್ ಬದಲಿಸುವುದು ಇಷ್ಟು ಅಸ್ಪಷ್ಟವಾಗಿರುವುದಿಲ್ಲ. 2015ರ ಹೋಂಡಾ ಸಿಆರ್‌ಎಫ್450ಆರ್‌ನಲ್ಲಿ ಹ್ಯಾಂಡಲ್ ಮೇಲೆಯೇ ಗುಂಡಿ ಬಂದಿತು. ಸಾಮಾನ್ಯ, ಮೃದು, ಉಗ್ರ ಎಂಬ ಮೂರು ಮ್ಯಾಪ್‌ಗಳು, ಯಾವುದು ಚಾಲ್ತಿಯಲ್ಲಿದೆ ಎಂಬುದನ್ನು ಚಿಕ್ಕ ದೀಪ ಮಿನುಗಿ ತೋರಿಸುತ್ತದೆ. ಅದಕ್ಕೂ ಮೊದಲು 2012ರ ಕವಾಸಾಕಿ ಕೆಎಕ್ಸ್450ಎಫ್‌ನಲ್ಲಿ ಮೂರು ಬಣ್ಣದ ಕಪ್ಲರ್‌ಗಳು ಇದ್ದವು: ಹಸಿರು ಸಾಮಾನ್ಯ, ಕಪ್ಪು ಗಡಸು ನೆಲಕ್ಕೆ, ಬಿಳಿ ಮೃದು ನೆಲಕ್ಕೆ. ಬೇಕಾದುದನ್ನು ಕೈಯಿಂದಲೇ ಚುಚ್ಚಿಕೊಳ್ಳಬೇಕಿತ್ತು. ಯಮಹಾದ ವೈಜೆಡ್450ಎಫ್ 2018ರಿಂದ ಮೊಬೈಲ್ ಆ್ಯಪ್ ಮೂಲಕ ಇಂಧನ ಮತ್ತು ಕಿಡಿಯ ಸಮಯ ಎರಡನ್ನೂ ತಿದ್ದಲು ಬಿಡುತ್ತದೆ. ನನ್ನ ಬೈಕಿನಲ್ಲಿ ಮೃದು ಮ್ಯಾಪ್ ಹಾಕಿದ ಕೂಡಲೇ ಎರಡನೇ ತಿರುವಿನಲ್ಲೇ ತಿಳಿಯುತ್ತದೆ. ಕಾರ್ಬುರೇಟರ್ ಬೈಕಿನಲ್ಲೂ ಅಷ್ಟೇ ಸ್ಪಷ್ಟವಾಗಿ ತಿಳಿಯಬೇಕಲ್ಲವೇ?

ನೀಲಿಹೊಗೆ:

ನಾಲ್ಕುಹೊಡೆತದವರೇ, ಅವು ಎರಡೂ ಒಂದೇ ಬಗೆಯವಲ್ಲ. ಇಂಜೆಕ್ಷನ್ ಇರುವ ಬೈಕಿನಲ್ಲಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕಿಡಿಯ ಸಮಯದ ಜೊತೆಗೆ ಇಂಧನದ ಪ್ರಮಾಣವನ್ನೂ ಬದಲಿಸಬಲ್ಲದು. ಕೆಸರುಹಾದಿಯವರ ಬೈಕಿನಲ್ಲಿ ಬದಲಾಗುವುದು ಕಿಡಿ ಮಾತ್ರ. ಇಂಧನವನ್ನು ಅಳೆದು ಕೊಡುವುದು ಕಾರ್ಬುರೇಟರಿನ ಜೆಟ್ಟು (ಪೆಟ್ರೋಲು ಹಾಯುವ ಸಣ್ಣ ರಂಧ್ರ) ಮತ್ತು ಸೂಜಿ, ಅವುಗಳಿಗೆ ಸ್ವಿಚ್ಚಿನ ಸುದ್ದಿಯೇ ಗೊತ್ತಿರುವುದಿಲ್ಲ. ಆದ್ದರಿಂದ ವ್ಯತ್ಯಾಸ ಸೌಮ್ಯವಾಗಿರುತ್ತದೆ, ಆದರೆ ಇಲ್ಲವೇ ಇಲ್ಲ ಎನ್ನುವಷ್ಟು ಅಲ್ಲ.

ಕೆಸರುಹಾದಿ:

ಇಂದು ಬೆಳಗ್ಗೆ ಹಳೆಪಾನಾ ಅವರು ಹೇಳಿದಂತೆ ಮಲ್ಟಿಮೀಟರ್ ಹಿಡಿದೆ. ಎರಡೂ ಸ್ಥಾನಗಳಲ್ಲಿ ಸಂಪರ್ಕವಿಲ್ಲ. ಸ್ವಿಚ್ಚನ್ನು ಬಿಚ್ಚಿ ಅದರ ಕಾಲುಗಳಲ್ಲೇ ಅಳೆದಾಗ ಅದು ಸರಿಯಾಗಿ ಕೆಲಸ ಮಾಡುತ್ತಿತ್ತು. ತಂತಿಯನ್ನು ಹಿಂಬಾಲಿಸಿಕೊಂಡು ಬಂದಾಗ ಕನೆಕ್ಟರಿನೊಳಗೆ ಒಂದು ಪಿನ್ನು ತನ್ನ ಜಾಗದಿಂದ ಹಿಂದಕ್ಕೆ ಸರಿದಿರುವುದು ಕಂಡಿತು. ಪಿನ್ನಿನ ಪಕ್ಕದ ಚಿಕ್ಕ ಕೊಕ್ಕೆ ನಾನು ಕೂರಿಸುವಾಗಲೇ ಹಿಡಿದಿರಲಿಲ್ಲ. ಎದುರಿನ ಪಿನ್ನು ಅದನ್ನು ತಾಗುವ ಬದಲು ಹಿಂದಕ್ಕೆ ತಳ್ಳಿಬಿಟ್ಟಿದೆ. ತಪ್ಪು ನನ್ನದೇ.

ಮೂರನೇಗೇರ್ ಅವರ ಪ್ರಶ್ನೆ ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. ನನ್ನ ಕೈಪಿಡಿಯ ಪ್ರಕಾರ ಬಿಡಿಸಿದ ಸ್ಥಿತಿ ಮೃದು ಮ್ಯಾಪ್. ಅಂದರೆ ಎರಡು ತಿಂಗಳಿಂದ ನಾನು ಮೃದು ಮ್ಯಾಪ್‌ನಲ್ಲೇ ಓಡಿಸುತ್ತಿದ್ದೇನೆ. ಈಗ ನೆನಪಿಸಿಕೊಂಡರೆ, ಸ್ವಿಚ್ಚು ಹಾಕಿದ ಮೇಲಿನ ಮೊದಲ ಸವಾರಿಯಲ್ಲೇ ಎಂಜಿನ್ ಸ್ವಲ್ಪ ಮಂದವೆನಿಸಿತ್ತು. ಅದು ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾದ ಲಕ್ಷಣವೆಂದು ಭಾವಿಸಿ, ಕಾರ್ಬುರೇಟರ್ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿದ್ದೆ. ಆಮೇಲೆ ಕೊಂಚ ಚುರುಕಾದಂತೆ ಕಂಡಿತ್ತು. ಈಗ ಪಿನ್ನು ಸರಿಪಡಿಸಿದ್ದೇನೆ, ನಾಳೆ ಗಡಸು (ಜೋಡಿಸಿದ ಸ್ಥಿತಿಯ) ಮ್ಯಾಪ್‌ನಲ್ಲಿ ಅವರು ಹೇಳಿದಂತಹ ಏರಿನಲ್ಲಿ ಪರೀಕ್ಷಿಸುತ್ತೇನೆ.

ಹಳೆಪಾನಾ:

ದಯವಿಟ್ಟು ನಾಳೆ ಹಾಗೆ ಓಡಿಸಬೇಡಿ. ಮೊದಲು ಕ್ಲಿಪ್ಪನ್ನು ಹಿಂದಿದ್ದ ಗೀರಿಗೇ ಇಳಿಸಿ.

ಕಾರಣವನ್ನು ಬಿಡಿಸಿ ಹೇಳುತ್ತೇನೆ. ಕ್ಲಿಪ್ಪು ಮೇಲೆ ಹೋದರೆ ಸೂಜಿ ಕೆಳಗಿಳಿಯುತ್ತದೆ, ಪೆಟ್ರೋಲು ಹೋಗುವ ದಾರಿ ಕಿರಿದಾಗುತ್ತದೆ, ಅದೂ ಥ್ರಾಟಲ್ ಕಾಲುಭಾಗದಿಂದ ಮುಕ್ಕಾಲುಭಾಗ ತೆರೆದಿರುವಾಗ, ಅಂದರೆ ನೀವು ಏರು ಹತ್ತುವ ಹೊತ್ತಿನಲ್ಲೇ. ತಡವಾದ ಕಿಡಿಯೊಂದಿಗೆ ಆ ಮಿಶ್ರಣ ಹೇಗೋ ನಡೆದುಹೋಗಿದೆ. ಈಗ ಗಡಸು ಮ್ಯಾಪ್ ಕಿಡಿಯನ್ನು ಮುಂಚಿತವಾಗಿ ಹಾರಿಸಿದರೆ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಏರುತ್ತದೆ. ಪೆಟ್ರೋಲು ಕಡಿಮೆಯಾಗಿ ಬಿಸಿಯಾಗಿರುವ ಮಿಶ್ರಣದಲ್ಲಿ, ಜ್ವಾಲೆ ತಲುಪುವ ಮೊದಲೇ ಅಂಚಿನ ಭಾಗ ತಾನಾಗಿಯೇ ಸ್ಫೋಟಿಸಬಹುದು. ಅದನ್ನೇ ನಾಕಿಂಗ್ ಅಥವಾ ಡಿಟೊನೇಷನ್ ಎನ್ನುವುದು. ಭಾರ ಎಳೆಯುವಾಗ ಲೋಹದ ಚೂರುಗಳು ಡಬ್ಬಿಯಲ್ಲಿ ಅಲುಗಿದಂತಹ ಸದ್ದು ಬರುತ್ತದೆ. ಆದರೆ ಹೆಲ್ಮೆಟ್ಟಿನೊಳಗೆ, ಸೈಲೆನ್ಸರಿನ ಗದ್ದಲದ ನಡುವೆ ಎಷ್ಟೋ ಸಲ ಅದು ಕೇಳಿಸುವುದೇ ಇಲ್ಲ. ಆಮೇಲೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳೋ ಹೊಳೆಯುವ ಅಲ್ಯೂಮಿನಿಯಂ ಕಣಗಳೋ ಕಾಣುತ್ತವೆ, ಪಿಸ್ಟನ್ನಿನ ಅಂಚು ಇರುವೆ ತಿಂದಂತೆ ಕೊರೆದುಹೋಗಿರುತ್ತದೆ. ಕಡಿಮೆ ಆಕ್ಟೇನಿನ ಪೆಟ್ರೋಲು ಹಾಕಿದ್ದರೆ ಅಪಾಯ ಇನ್ನೂ ಹೆಚ್ಚು.

ನೀವು ಮಾಡಿದ್ದು ಬಹಳ ಜನ ಮಾಡುವ ತಪ್ಪು. ಕಿಡಿಯ ಸಮಯದಿಂದ ಬಂದ ಮಂದತನವನ್ನು ಪೆಟ್ರೋಲಿನಿಂದ ಸರಿಪಡಿಸಲು ಹೊರಟಿರಿ. ಜೆಟ್ಟಿಂಗ್ (ಜೆಟ್ಟು, ಸೂಜಿಗಳ ಹೊಂದಾಣಿಕೆ) ಮಾಡುವಾಗ ಯಾವ ಮ್ಯಾಪ್‌ನಲ್ಲಿದ್ದೇನೆ ಎಂಬುದು ಖಚಿತವಾಗಿರಬೇಕು, ಮತ್ತು ಗಡಸು ಮ್ಯಾಪ್‌ನಲ್ಲಿ ಸುರಕ್ಷಿತವಾಗಿರುವಂತೆಯೇ ಅದನ್ನು ಹೊಂದಿಸಬೇಕು. ಸವಾರಿಯ ನಡುವೆ ಸ್ವಿಚ್ಚನ್ನು ಯಾವ ಕಡೆಗೂ ತಿರುಗಿಸಬಹುದು, ಸೂಜಿಯನ್ನು ತಿರುಗಿಸಲಾಗುವುದಿಲ್ಲ.

ಮೂರನೇಗೇರ್:

ಹಳೆಪಾನಾ ಅವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಹಾಗೆಂದು ಮೃದು ಮ್ಯಾಪ್‌ನಲ್ಲಿ ಎಂಜಿನ್ ತಣ್ಣಗಿರುತ್ತದೆ ಎಂದು ಯಾರೂ ಭಾವಿಸಬಾರದು. ತಡವಾದ ಕಿಡಿ ಪಿಸ್ಟನ್ನಿನ ಮೇಲಿನ ಒತ್ತಡವನ್ನು ತಗ್ಗಿಸಿದರೂ, ಕೆಲಸವಾಗಿ ಮಾರ್ಪಡದ ಶಾಖ ಎಕ್ಸಾಸ್ಟ್ ಪೋರ್ಟಿನ ಕಡೆಗೆ ಹೋಗುತ್ತದೆ. ನಿಧಾನವಾದ ಕಲ್ಲಿನ ಏರುಗಳಲ್ಲಿ ಕ್ಲಚ್ಚು ಜಾರಿಸುತ್ತಾ ನಿಂತರೆ ಯಾವ ಮ್ಯಾಪ್ ಇದ್ದರೂ ರೇಡಿಯೇಟರ್ ಕುದಿಯುತ್ತದೆ.

ಕ್ಲಚ್‌ಬೆರಳು:

ಇಷ್ಟೆಲ್ಲ ಓದಿದ ಮೇಲೆ ನನ್ನ ಭಿನ್ನಾಭಿಪ್ರಾಯವನ್ನು ಹೇಳಲೇಬೇಕೆನಿಸಿತು. ಒದ್ದೆ ಬೇರಿನ ಮೇಲೆ ಚಕ್ರ ಜಾರುವುದಕ್ಕೆ ಉತ್ತರ ಎರಡು ಬೆರಳುಗಳಲ್ಲಿದೆ, ಸ್ವಿಚ್ಚಿನಲ್ಲಿ ಅಲ್ಲ. ಕ್ಲಚ್ಚಿನ ಹಿಡಿತ ಕಲಿತವನಿಗೆ ಒಂದೇ ಮ್ಯಾಪ್ ಸಾಕು. ಅದೂ ಸಾಲದೆಂದರೆ ಫ್ಲೈವೀಲಿಗೆ ತೂಕ ಸೇರಿಸಬಹುದು; ಎಂಜಿನ್ ಒಮ್ಮೆಲೇ ಏರುವುದೂ ಇಲ್ಲ, ಕೆಳಗಿನ ಆರ್‌ಪಿಎಂನಲ್ಲಿ ಪಕ್ಕನೆ ಆರಿಹೋಗುವುದೂ ಇಲ್ಲ. ಹಳೆಯ ಕೆಟಿಎಂ 300ರಂತಹ ಬೈಕುಗಳಲ್ಲಿ ಪವರ್ ವಾಲ್ವಿಗೆ (ಎಕ್ಸಾಸ್ಟ್ ಪೋರ್ಟಿನ ಎತ್ತರ ಬದಲಿಸುವ ಕವಾಟ) ಹಸಿರು, ಹಳದಿ, ಕೆಂಪು ಎಂಬ ಮೂರು ಸ್ಪ್ರಿಂಗುಗಳಿವೆ, ಹಸಿರು ಹಾಕಿದರೆ ನುಗ್ಗುವಿಕೆ ಸಾಕಷ್ಟು ತಗ್ಗುತ್ತದೆ. ಇವು ತಂತಿ ತುಂಡಾಗಿ ಮೋಸ ಮಾಡುವ ವಸ್ತುಗಳಲ್ಲ.

ಮೂರನೇಗೇರ್:

ಕ್ಲಚ್ಚಿನ ವಿಷಯದಲ್ಲಿ ನಿಮ್ಮ ಮಾತು ನಿಜ, ಅದಕ್ಕೆ ಪರ್ಯಾಯವಿಲ್ಲ. ಆದರೆ ಫ್ಲೈವೀಲಿನ ತೂಕವೂ ಸ್ಪ್ರಿಂಗೂ ಇಡೀ ದಿನಕ್ಕೆ ಒಂದೇ. ನಾನು ಬೆಳಗಿನ ಹೊತ್ತು ಮರಳಿನ ಹಾದಿಯಲ್ಲಿ ಓಡಿಸಿ ಮಧ್ಯಾಹ್ನ ಜೇಡಿಮಣ್ಣಿನ ಇಳಿಜಾರಿಗೆ ಹೋಗುತ್ತೇನೆ. ಮರಳಿನಲ್ಲಿ ಗಡಸು ಮ್ಯಾಪ್ ಇಲ್ಲದಿದ್ದರೆ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಜೇಡಿಯಲ್ಲಿ ಅದೇ ಮ್ಯಾಪ್ ಹಿಂದಿನ ಚಕ್ರವನ್ನು ಅಡ್ಡ ಎಳೆಯುತ್ತದೆ. ಐದಾರು ಗಂಟೆಗಳಾದ ಮೇಲೆ ಮುಂಗೈ ಬಿಗಿದುಕೊಂಡು, ಕ್ಲಚ್ಚಿನ ಬೆರಳು ಹೇಳಿದ ಮಾತು ಕೇಳದಿದ್ದಾಗ, ಮೃದು ಮ್ಯಾಪ್ ನನ್ನನ್ನು ಬೀಳದಂತೆ ಎಷ್ಟೋ ಸಲ ಕಾಪಾಡಿದೆ. ಅನುಭವಿಗಳಿಗೆ ಅದು ಬೇಡವೆಂಬ ಮಾತನ್ನು ಅದಕ್ಕಾಗಿಯೇ ನಾನು ಒಪ್ಪುವುದಿಲ್ಲ.

ಓಡುತ್ತಿರುವಾಗ ಬದಲಿಸಬಹುದೇ ಎಂಬ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಕೆಲವು ಬೈಕುಗಳು ಓಡುವಾಗಲೇ ಒಪ್ಪಿಕೊಳ್ಳುತ್ತವೆ, ಕೆಲವು ಥ್ರಾಟಲ್ ಮುಚ್ಚಿ ನಿಷ್ಕ್ರಿಯ ವೇಗದಲ್ಲಿರುವಾಗ ಮಾತ್ರ. ನಿಮ್ಮ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು. ಕೈಪಿಡಿ ಅನುಮತಿಸಿದರೂ ಸಮತಟ್ಟಾದ ಜಾಗದಲ್ಲಿ, ಥ್ರಾಟಲ್ ಮುಚ್ಚಿ ಬದಲಿಸುವುದನ್ನೇ ನಾನು ರೂಢಿಸಿಕೊಂಡಿದ್ದೇನೆ. ಏರಿನ ನಡುವೆ ಹೆಬ್ಬೆರಳು ಸ್ವಿಚ್ಚನ್ನು ಹುಡುಕುತ್ತಿದ್ದರೆ ಹಿಡಿತ ಸಡಿಲವಾಗುತ್ತದೆ.

ನೀಲಿಹೊಗೆ:

ಕೆಸರುಹಾದಿಯವರೇ, ಪರೀಕ್ಷಿಸುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಪ್ರತಿ ಓಟಕ್ಕೂ ಮೊದಲು ಅವರೇ ಸ್ವಿಚ್ಚನ್ನು ತಮಗೆ ತೋಚಿದ ಸ್ಥಾನಕ್ಕೆ ಹಾಕಿ ಅದರ ಮೇಲೆ ಟೇಪು ಅಂಟಿಸಲಿ. ಮೇಲೆ ಹತ್ತಿದ ಮೇಲೆ ಯಾವ ಮ್ಯಾಪ್ ಎಂದು ನೀವು ಹೇಳಿ, ಆಮೇಲೆ ಟೇಪು ತೆಗೆದು ನೋಡಿ. ಯಾವ ಸ್ಥಾನವೆಂದು ಮೊದಲೇ ಗೊತ್ತಿದ್ದರೆ ಮನಸ್ಸು ತನಗೆ ಬೇಕಾದ ವ್ಯತ್ಯಾಸವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಟೈಮಿಂಗ್ ಲೈಟ್ (ಪ್ರತಿ ಕಿಡಿಯೊಂದಿಗೆ ಮಿನುಗುವ ದೀಪ) ಸಿಕ್ಕಿದರೆ ಇನ್ನೂ ಒಳ್ಳೆಯದು: ಎಂಜಿನ್ನನ್ನು ನಡುವಿನ ಆರ್‌ಪಿಎಂನಲ್ಲಿ ಸ್ಥಿರವಾಗಿ ಹಿಡಿದು ಸ್ವಿಚ್ಚು ತಿರುಗಿಸಿದಾಗ ಫ್ಲೈವೀಲಿನ ಗುರುತು ಪಕ್ಕಕ್ಕೆ ಜಿಗಿಯುವುದು ಕಣ್ಣಿಗೇ ಕಾಣುತ್ತದೆ. ಥ್ರಾಟಲ್ ಸೆನ್ಸರ್ ಇರುವ ಬೈಕುಗಳಲ್ಲಿ ಮಾತ್ರ, ಮ್ಯಾಪ್ ಥ್ರಾಟಲ್ ಎಷ್ಟು ತೆರೆದಿದೆ ಎಂಬುದನ್ನೂ ಅವಲಂಬಿಸುವುದರಿಂದ, ಸ್ಟ್ಯಾಂಡಿನ ಮೇಲೆ ಖಾಲಿ ಓಡಿಸಿದಾಗ ಏನೂ ಕಾಣದಿರಬಹುದು.

ಕೆಸರುಹಾದಿ:

ವಾರ ಕಳೆದು ಬರೆಯುತ್ತಿದ್ದೇನೆ. ಮೊದಲು ಕ್ಲಿಪ್ಪನ್ನು ಹಳೆಯ ಗೀರಿಗೆ ಇಳಿಸಿ, ಹೊಸ ಪ್ಲಗ್ಗು ಹಾಕಿದೆ. ಹಳೆಯ ಪ್ಲಗ್ಗಿನ ಪಿಂಗಾಣಿಯ ಮೇಲೆ ಚುಕ್ಕೆಗಳಾಗಲಿ ಕಣಗಳಾಗಲಿ ಇರಲಿಲ್ಲ, ಅಷ್ಟರ ಮಟ್ಟಿಗೆ ಬದುಕಿದೆ. ಪಿನ್ನಿನ ಕೊಕ್ಕೆಯನ್ನು ಸೂಜಿಯ ಮೊನೆಯಿಂದ ಸ್ವಲ್ಪ ಹೊರಕ್ಕೆ ಬಾಗಿಸಿ, ಟಕ್ ಎಂಬ ಸದ್ದು ಕೇಳುವವರೆಗೆ ತಳ್ಳಿ, ತಂತಿಯನ್ನು ಎಳೆದು ನೋಡಿದೆ. ಕನೆಕ್ಟರಿಗೆ ಗ್ರೀಸು ತುಂಬಿ, ಹ್ಯಾಂಡಲ್ ಪೂರ್ತಿ ತಿರುಗಿದರೂ ಬಿಗಿಯಾಗದಷ್ಟು ಸಡಿಲ ಬಿಟ್ಟು ಕಟ್ಟಿದ್ದೇನೆ.

ಗೆಳೆಯನೊಬ್ಬ ಟೇಪು ಅಂಟಿಸುವ ಕೆಲಸ ಮಾಡಿದ. ಒಂದೇ ಏರನ್ನು ಮೂರನೇ ಗೇರಿನಲ್ಲಿ ಹತ್ತು ಬಾರಿ ಹತ್ತಿದೆ. ಎಂಟು ಬಾರಿ ಸರಿಯಾಗಿ ಹೇಳಿದೆ. ಗಡಸು ಮ್ಯಾಪ್‌ನಲ್ಲಿ ಥ್ರಾಟಲ್ ಅರ್ಧ ತೆರೆದು ಒಂದು ಕ್ಷಣ ಕಳೆಯುವಷ್ಟರಲ್ಲಿ ಬೈಕು ಕೈಯಿಂದ ಕಿತ್ತುಕೊಂಡು ಹೋದಂತೆ ಮುಂದೆ ಹಾರುತ್ತದೆ. ಮೃದುವಿನಲ್ಲಿ ಅದೇ ಜಾಗದಲ್ಲಿ ಎಳೆತ ಬರುತ್ತದೆ, ಆದರೆ ಕ್ರಮೇಣ ಬರುತ್ತದೆ. ತಪ್ಪಿದ ಎರಡು ಸಲವೂ ನಾನು ಅವಸರದಲ್ಲಿ ಥ್ರಾಟಲ್ಲನ್ನು ಪೂರ್ತಿ ತೆರೆದುಬಿಟ್ಟಿದ್ದೆ ಎಂದು ಕೆಳಗೆ ನಿಂತಿದ್ದ ಗೆಳೆಯ ಸದ್ದಿನಿಂದಲೇ ಗುರುತಿಸಿದ. ನಂತರ ಬೇರುಗಳ ಹಾದಿಗೆ ಹೋದೆವು. ಮೃದು ಮ್ಯಾಪ್‌ನಲ್ಲಿ, ಎರಡನೇ ಗೇರಿನಲ್ಲಿ, ಕ್ಲಚ್‌ಬೆರಳು ಅವರು ಹೇಳಿದಂತೆ ಎರಡು ಬೆರಳುಗಳನ್ನು ಕ್ಲಚ್ಚಿನ ಮೇಲಿಟ್ಟುಕೊಂಡೇ ದಾಟಿದೆ. ಹಿಂದಿನ ಚಕ್ರ ಎರಡು ಕಡೆ ಜಾರಿತು, ಆದರೆ ಅಡ್ಡ ಹೋಗಲಿಲ್ಲ.

ಹಳೆಪಾನಾ:

ಸಂತೋಷ. ಮೊದಲ ಕೆಲವು ಸವಾರಿಗಳ ನಂತರ ಪ್ಲಗ್ಗನ್ನು ಮತ್ತೊಮ್ಮೆ ಬಿಚ್ಚಿ ನೋಡಿ, ಹ್ಯಾಂಡಲಿನ ಬಳಿಯ ತಂತಿಯನ್ನು ಪ್ರತಿ ಸಲ ಬೈಕು ತೊಳೆದಾಗ ಬೆರಳಿನಿಂದ ಮುಟ್ಟಿ ನೋಡಿ.